ಓಡುವವರನ್ನು ಹಿಡಿಯುವ ಕಣ್ಣು

ಓಡುತ್ತಿರುವವರನ್ನು ಕಣ್ಣಿನಿಂದ ಹಿಂಬಾಲಿಸುವುದು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಅದನ್ನೊಂದು ಕೆಲಸವೆಂದು ನಾವು ಎಣಿಸುವುದೇ ಇಲ್ಲ. ಗದ್ದೆಯಂಚಿನಲ್ಲಿ ಬಾಲವೆತ್ತಿ ಬರುವ ಕರುವನ್ನಾಗಲಿ, ಚೆಂಡಿನ ಬೆನ್ನುಹತ್ತಿದ ಹುಡುಗನನ್ನಾಗಲಿ ನೋಡುವಾಗ, ಕಣ್ಣಿನ ಪಾಪೆಯ ಹಿಂದಿರುವ ಪುಟ್ಟ ಮಸೂರವು ಕ್ಷಣಕ್ಷಣಕ್ಕೂ ತನ್ನ ಉಬ್ಬನ್ನು ಹೆಚ್ಚುಕಡಿಮೆ ಮಾಡಿಕೊಂಡು, ಬರುವವರ ರೂಪವು ಮಸುಕಾಗದಂತೆ ಕಾಯುತ್ತಿರುತ್ತದೆ. ನಾವು ಅದಕ್ಕೆ ಅಪ್ಪಣೆ ಕೊಡಬೇಕಾಗಿಲ್ಲ. ಅದು ನಮ್ಮನ್ನು ಕೇಳುವುದೂ ಇಲ್ಲ. ಗಾಜಿನ ಕಣ್ಣುಳ್ಳ ಕ್ಯಾಮೆರಾಕ್ಕೆ ಈ ವರವು ಹುಟ್ಟಿನಿಂದ ಬಂದುದಲ್ಲ. ಮನುಷ್ಯನು ಕಲಿಸಿದನು, ಅದು ಕಲಿಯಿತು. ಕಲಿತದ್ದಾದರೂ ಈಚಿನ ನಾಲ್ಕೈದು ದಶಕಗಳಲ್ಲಿ. ಅದು ಏನನ್ನು ಕಲಿತಿದೆ, ಏನನ್ನು ಕಲಿಯದೆ ಉಳಿದಿದೆ ಎಂಬುದು ಆಟದ ಬಯಲಿನಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವ ಯಾರಿಗಾದರೂ ತಿಳಿದಿರಬೇಕಾದ ವಿಷಯ.

ಇದನ್ನು ಹಾನುಬಾಳಿನಿಂದ ಬರೆಯುವುದಕ್ಕೆ ಕಾರಣವುಂಟು. ಸಕಲೇಶಪುರ ತಾಲ್ಲೂಕಿನ ಈ ಹೋಬಳಿಯಲ್ಲಿ, ಕಾಫಿ ತೋಟಗಳ ಏರಿಳಿತದ ನಡುವೆ, ಸಮನಾದ ನೆಲವೆಂಬುದೇ ಅಪರೂಪ. ಇದ್ದ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಶಾಲಾ ಮಕ್ಕಳ ಹೋಬಳಿ ಮಟ್ಟದ ಕ್ರೀಡಾಕೂಟ ನಡೆಯುತ್ತದೆ. ಇಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ಮುಂದಕ್ಕೆ ಹೋಗುವರು. ಕೂಟದ ದಿನಗಳು ಬಹುಮಟ್ಟಿಗೆ ಮಳೆಗಾಲದಲ್ಲಿಯೇ ಬೀಳುತ್ತವೆ. ಬೆಳಗಿನ ಮಂಜು ಕರಗುವ ಮನಸ್ಸು ಮಾಡದೆ ಸಿಲ್ವರ್ ಓಕ್ ಮರಗಳ ನಡುವೆ ತೂಗುತ್ತಿರುತ್ತದೆ. ಅದು ಕರಗಿತೆನ್ನುವಷ್ಟರಲ್ಲಿ ಜಡಿಮಳೆ. ಅನೇಕ ವರ್ಷಗಳಿಂದ ನಾನು ಇಂತಹ ಕೂಟಗಳಲ್ಲಿ ಮಕ್ಕಳ ಓಟ, ಕಬಡ್ಡಿ, ವಾಲಿಬಾಲ್‌ಗಳ ಚಿತ್ರ ತೆಗೆಯುತ್ತ ಬಂದಿದ್ದೇನೆ. ಹೊಟ್ಟೆಪಾಡಿಗಲ್ಲ, ಪ್ರೀತಿಗಾಗಿ. ಕ್ಯಾಮೆರಾದ ಫೋಕಸ್ ಎಂಬ ವಿದ್ಯೆಯ ಬಲವೂ ಬಲಹೀನತೆಯೂ ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ದೀಪಗಳಿಂದ ಬೆಳಗುವ ನಗರದ ಕ್ರೀಡಾಂಗಣದಲ್ಲಿ ಕಾಣಲಾರವು.

ಮೊದಲು ಮಸೂರದ ಲೆಕ್ಕವನ್ನು ನೋಡೋಣ. ವಸ್ತುವು ಹತ್ತಿರ ಬಂದಷ್ಟೂ ಅದರ ಬಿಂಬವು ಮಸೂರದಿಂದ ಹಿಂದಕ್ಕೆ ಸರಿಯುತ್ತದೆಂಬುದನ್ನು ಪ್ರೌಢಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಬಿಂಬವು ಬೀಳಬೇಕಾದ ಫಲಕ ಕ್ಯಾಮೆರಾದಲ್ಲಿ ಅಲುಗದೆ ನಿಂತಿರುವುದರಿಂದ, ಮಸೂರವೇ ಮುಂದಕ್ಕೆ ಸರಿದು ಅಂತರವನ್ನು ಹೊಂದಿಸಬೇಕು. ಆಟದ ಬಯಲಿನಲ್ಲಿ ಬಳಕೆಯಲ್ಲಿರುವ, 200 ಮಿಲಿಮೀಟರು ಸಂಗಮದೂರದ ಮಸೂರವನ್ನು ತೆಗೆದುಕೊಳ್ಳಿ. ಓಡಿಬರುವ ಹುಡುಗಿಯು 20 ಮೀಟರು ದೂರದಲ್ಲಿದ್ದಾಗ ಅದು ತನ್ನ ಮೂಲಸ್ಥಾನದಿಂದ ಸುಮಾರು 2 ಮಿಲಿಮೀಟರು ಮುಂದಿರಬೇಕು. ಆಕೆ 10 ಮೀಟರಿಗೆ ಬಂದಾಗ ಸುಮಾರು 4. 5 ಮೀಟರಿಗೆ ಬಂದಾಗ 8ಕ್ಕಿಂತ ತುಸು ಹೆಚ್ಚು. ಮೊದಲಿನ 10 ಮೀಟರಿನ ಓಟಕ್ಕೆ 2 ಮಿಲಿಮೀಟರು ಸಾಕಾಯಿತು. ಆಮೇಲಿನ 5 ಮೀಟರಿಗೆ 4 ಮಿಲಿಮೀಟರು ಬೇಕಾಯಿತು. ಎಂದರೆ, ಹುಡುಗಿ ಒಂದೇ ವೇಗದಲ್ಲಿ ಓಡಿಬಂದರೂ ಮಸೂರವು ಒಂದೇ ವೇಗದಲ್ಲಿ ಸರಿದರೆ ಸಾಲದು. ಕೊನೆಯ ಹಂತದಲ್ಲಿ ಅದು ಮೊದಲಿಗಿಂತ ನಾಲ್ಕು ಪಟ್ಟು ಬಿರುಸಾಗಬೇಕು. ಈಗಿನ ಮಸೂರಗಳಲ್ಲಿ ಒಳಗಿನ ಕೆಲವು ಗಾಜುಗಳು ಮಾತ್ರ ಸರಿಯುವುದರಿಂದ ಅಂಕಿಗಳು ಬದಲಾಗಬಹುದು. ನ್ಯಾಯ ಮಾತ್ರ ಅದೇ.

ಇನ್ನೊಂದು ಲೆಕ್ಕವುಂಟು. ಚಿತ್ರದಲ್ಲಿ ಎಲ್ಲ ದೂರಗಳೂ ಸ್ಪಷ್ಟವಾಗಿ ಮೂಡುವುದಿಲ್ಲ. ಫೋಕಸ್ ಆದ ಸ್ಥಳದ ಹಿಂದುಮುಂದಿನ ಒಂದು ತೆಳು ಪದರ ಮಾತ್ರ ಸ್ಪಷ್ಟವಾಗಿರುತ್ತದೆ. ಅದೇ ಮಸೂರದ ಬಾಯನ್ನು 2.8 ಅಳತೆಗೆ ತೆರೆದಾಗ, 35 ಮಿಲಿಮೀಟರು ಫಿಲ್ಮಿನಷ್ಟೇ ಅಗಲದ ಸಂವೇದಕವುಳ್ಳ ಕ್ಯಾಮೆರಾದಲ್ಲಿ, 10 ಮೀಟರು ದೂರದಲ್ಲಿ ಈ ಪದರದ ದಪ್ಪ ಸುಮಾರು 40 ಸೆಂಟಿಮೀಟರು. 5 ಮೀಟರು ದೂರದಲ್ಲಿ 10 ಸೆಂಟಿಮೀಟರು, ಎಂದರೆ ಒಂದು ಅಂಗೈಯಗಲ. ಹದಿನಾರು ಹದಿನೇಳು ಸೆಕೆಂಡುಗಳಲ್ಲಿ 100 ಮೀಟರು ಓಡುವ ಬಾಲಕಿಯು ಸೆಕೆಂಡಿಗೆ ಸರಾಸರಿ 6 ಮೀಟರು ಕ್ರಮಿಸುತ್ತಾಳೆ. ಗುಂಡಿಯನ್ನು ಒತ್ತಿದುದಕ್ಕೂ ಚಿತ್ರವು ಮೂಡಿದುದಕ್ಕೂ ನಡುವೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡವಾಯಿತೆನ್ನಿ; ಅಷ್ಟರಲ್ಲಿ ಆಕೆ 30 ಸೆಂಟಿಮೀಟರು ಮುಂದೆ ಬಂದಿರುತ್ತಾಳೆ. ಗುಂಡಿ ಒತ್ತಿದ ಗಳಿಗೆಯಲ್ಲಿ ಕಣ್ಣಿಗೆ ಎಷ್ಟೇ ನಿಚ್ಚಳವಾಗಿದ್ದರೂ, ಮೂಡಿದ ಚಿತ್ರದಲ್ಲಿ ಆಕೆ ಬಿಟ್ಟುಬಂದ ಬರಿಯ ನೆಲ ಸ್ಪಷ್ಟವಾಗಿದ್ದು ಮುಖವು ಮಸುಕಾಗಿರುತ್ತದೆ.

ಹಾಗಾದರೆ ಹಿಂದಿನವರು ಚಲಿಸುವುದನ್ನು ಹೇಗೆ ಸೆರೆಹಿಡಿದರು? ಅವರು ಓಡುವವರ ಹಿಂದೆ ಹೋಗಲಿಲ್ಲ. ಓಡುವವರು ಬರುವ ಜಾಗದಲ್ಲಿ ಕಾದು ಕುಳಿತರು. 1878ರಲ್ಲಿ ಅಮೆರಿಕೆಯ ಪಾಲೋ ಆಲ್ಟೋದಲ್ಲಿ ಮೈಬ್ರಿಜ್ ಎಂಬಾತನು ಓಡುವ ಕುದುರೆಯನ್ನು ಚಿತ್ರಿಸಿದುದು ಸಾಲಾಗಿ ಇಟ್ಟ 12 ಕ್ಯಾಮೆರಾಗಳಿಂದ. ಕುದುರೆ ಎಲ್ಲಿ ಹಾಯುವುದೆಂಬುದು ಗೊತ್ತಿತ್ತು. ಆ ಗೆರೆಗೆ ಮಸೂರಗಳನ್ನು ಮೊದಲೇ ಹೊಂದಿಸಿಟ್ಟರೆ ಸಾಕಾಗಿತ್ತು. ನಮ್ಮಲ್ಲಿಯೂ ಇದೇ ಬಗೆಯ ತಪಸ್ಸು ನಡೆದಿದೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ಫಿಲ್ಮಿನ ಕಾಲದಲ್ಲಿ ಮೃಗಪಕ್ಷಿಗಳ ಚಿತ್ರದಿಂದ ಹೆಸರಾದರು. ನಮಗೆ ನೆರೆಯದಾದ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಬರೆವಣಿಗೆಯ ಜೊತೆಗೆ ಹಕ್ಕಿಗಳ ಚಿತ್ರಕ್ಕಾಗಿ ಕಾಡುಮೇಡು ಅಲೆದುದನ್ನು ಕನ್ನಡಿಗರೆಲ್ಲರೂ ಬಲ್ಲರು. ಹಕ್ಕಿ ಮತ್ತೆ ಮತ್ತೆ ಬಂದು ಕೂರುವ ಕೊಂಬೆ ಯಾವುದೆಂದು ಗುರುತಿಸಿ, ಅದಕ್ಕೆ ಮಸೂರವನ್ನು ಹೊಂದಿಸಿ, ಉಸಿರು ಬಿಗಿಹಿಡಿದು ಕಾಯುವುದು ಆ ತಲೆಮಾರಿನ ಹಾದಿ. ಅಲ್ಲಿ ಫೋಕಸ್ ಎಂಬುದು ಬೆರಳಿನಲ್ಲಿ ಅಷ್ಟಿದ್ದರೆ, ಹಕ್ಕಿಯ ಸ್ವಭಾವದ ಅರಿವಿನಲ್ಲಿ ಅದಕ್ಕಿಂತ ಹೆಚ್ಚಾಗಿತ್ತು.

ಯಂತ್ರವು ತಾನೇ ಫೋಕಸ್ ಮಾಡಬೇಕೆಂದರೆ, ಬಿಂಬವು ಮಸುಕಾಗಿದೆಯೆಂಬುದು ಮೊದಲು ಅದಕ್ಕೆ ತಿಳಿಯಬೇಕು. ಇದಕ್ಕೆ ಎರಡು ದಾರಿಗಳಿವೆ. ಒಂದನೆಯದು ಹಳೆಯ ರೇಡಿಯೋದಲ್ಲಿ ನಿಲಯವನ್ನು ಹುಡುಕಿದಂತೆ. ತಿರುಗಣೆಯನ್ನು ತಿರುಗಿಸುತ್ತ ಹೋದರೆ ಧ್ವನಿ ತಿಳಿಯಾಗುತ್ತ ಬರುತ್ತದೆ, ನಿಲಯವನ್ನು ದಾಟಿದೊಡನೆ ಮತ್ತೆ ಕರಕರವೆನ್ನುತ್ತದೆ. ಆಗ ತುಸು ಹಿಂದಕ್ಕೆ ತಿರುಗಿಸಿ ನಿಲ್ಲಿಸುತ್ತೇವೆ. ಹಾಗೆಯೇ ಬಿಂಬದಲ್ಲಿ ಕಪ್ಪುಬಿಳುಪಿನ ಭೇದ ಎಲ್ಲಿ ಹೆಚ್ಚೆಂಬುದನ್ನು ಮಸೂರವನ್ನು ಹಿಂದೆಮುಂದೆ ಸರಿಸಿ ಹುಡುಕುವುದು ಈ ಕ್ರಮ. ನಿಂತ ಕಟ್ಟಡಕ್ಕೆ ಇದು ಸೊಗಸು. ಓಡುವ ಹುಡುಗಿ ಮಾತ್ರ ಈ ಹುಡುಕಾಟ ಮುಗಿಯುವ ತನಕ ಕಾಯುವುದಿಲ್ಲ.

ಎರಡನೆಯದು ನಮ್ಮ ಎರಡು ಕಣ್ಣುಗಳ ನ್ಯಾಯ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ. ಎಷ್ಟು ಜಿಗಿಯಿತೆಂಬುದರಲ್ಲಿ ಅದರ ದೂರದ ಸುಳಿವಿದೆ. ಕ್ಯಾಮೆರಾವು ಒಂದೇ ಮಸೂರದ ಎಡ ಅಂಚಿನಿಂದ ಬಂದ ಬೆಳಕನ್ನೂ ಬಲ ಅಂಚಿನಿಂದ ಬಂದ ಬೆಳಕನ್ನೂ ಬೇರ್ಪಡಿಸಿ ಎರಡು ಬಿಂಬಗಳನ್ನು ಹೋಲಿಸುತ್ತದೆ. ಎರಡೂ ಒಂದರ ಮೇಲೊಂದು ಸರಿಯಾಗಿ ಕುಳಿತರೆ ಫೋಕಸ್ ಆಗಿದೆಯೆಂದು ಅರ್ಥ. ಬೇರೆಬೇರೆಯಾಗಿದ್ದರೆ, ಯಾವ ಕಡೆಗೆ ಎಷ್ಟು ಬೇರೆಯಾಗಿವೆ ಎಂಬುದರಿಂದಲೇ ಮಸೂರವನ್ನು ಯಾವ ದಿಕ್ಕಿಗೆ ಎಷ್ಟು ಸರಿಸಬೇಕೆಂಬುದು ತಿಳಿಯುತ್ತದೆ. ಹುಡುಕಾಟವಿಲ್ಲ, ಒಂದೇ ನೋಟಕ್ಕೆ ದಿಕ್ಕೂ ಉಂಟು, ದೂರವೂ ಉಂಟು. ಚಲನೆಯ ಬೆನ್ನುಹತ್ತುವ ಕ್ಯಾಮೆರಾಗಳು ನೆಚ್ಚಿರುವುದು ಮುಖ್ಯವಾಗಿ ಈ ದಾರಿಯನ್ನೇ.

ಸ್ವಯಂ ಫೋಕಸ್ ಮಾಡುವ ಕ್ಯಾಮೆರಾ ಸಾಮಾನ್ಯರ ಕೈಗೆ ಬಂದುದು 1977ರಲ್ಲಿ, ಜಪಾನಿನ ಕೊನಿಕಾ ಸಿ-35 ಎಎಫ್ ರೂಪದಲ್ಲಿ. 1985ರಲ್ಲಿ ಮಿನೋಲ್ಟಾ 7000 ಬಂದಾಗ, ಮಸೂರವನ್ನು ಬದಲಿಸಬಹುದಾದ ದೊಡ್ಡ ಕ್ಯಾಮೆರಾದ ಒಡಲಿನಲ್ಲಿಯೇ ಫೋಕಸಿನ ಕಣ್ಣೂ ಮೋಟಾರೂ ಸೇರಿಕೊಂಡವು. ಆದರೆ ಇವು ನಿಂತವರನ್ನು ಹಿಡಿದಷ್ಟು ಚೆನ್ನಾಗಿ ಓಡುವವರನ್ನು ಹಿಡಿಯುತ್ತಿರಲಿಲ್ಲ. ಕಾರಣ ಸರಳವಾದುದು. ಅಳೆದು, ಲೆಕ್ಕ ಹಾಕಿ, ಮೋಟಾರನ್ನು ತಿರುಗಿಸುವಷ್ಟರಲ್ಲಿ ಅಳತೆಯೇ ಹಳತಾಗಿರುತ್ತದೆ. ಅಷ್ಟೇ ಅಲ್ಲ, ಆಗಿನ ಕ್ಯಾಮೆರಾಗಳಲ್ಲಿ ಬೆಳಕನ್ನು ಫೋಕಸಿನ ಕಣ್ಣಿಗೆ ತಿರುಗಿಸುತ್ತಿದ್ದುದು ಒಳಗಿನ ಒಂದು ಕನ್ನಡಿ. ಚಿತ್ರ ತೆಗೆಯುವಾಗ ಆ ಕನ್ನಡಿ ಮೇಲಕ್ಕೇಳುತ್ತಿತ್ತು. ನೋಡಲೇಬೇಕಾದ ಆ ಗಳಿಗೆಯಲ್ಲಿಯೇ ಯಂತ್ರವು ಕುರುಡಾಗುತ್ತಿತ್ತು!

ಕುರುಡಾದವನು ಏನು ಮಾಡಬೇಕು? ಊಹಿಸಬೇಕು. 1988ರ ಮಿನೋಲ್ಟಾ 7000ಐ ಎಂಬ ಮಾದರಿಯು ಈ ಊಹೆಯ ವಿದ್ಯೆಯನ್ನು ಕಲಿತು ಬಂದಿತು. ಇದು ನಮಗೆ ಹೊಸದಲ್ಲ. ಹಾರುವ ಚೆಂಡನ್ನು ಹಿಡಿಯುವ ಹುಡುಗನು ಚೆಂಡು ಈಗ ಇರುವಲ್ಲಿಗೆ ಓಡುವುದಿಲ್ಲ, ಬೀಳುವಲ್ಲಿಗೆ ಓಡುತ್ತಾನೆ. ಕ್ಯಾಮೆರಾವೂ ಹಾಗೆಯೇ. ಒಂದಾದ ಮೇಲೊಂದು ಹಲವು ಅಳತೆಗಳನ್ನು ತೆಗೆದುಕೊಳ್ಳುತ್ತದೆ. ಅವುಗಳ ಅಂತರದಿಂದ ವೇಗವನ್ನೂ, ವೇಗದ ಏರಿಳಿತವನ್ನೂ ತಿಳಿಯುತ್ತದೆ. ಚಿತ್ರ ಮೂಡುವ ಮುಂದಿನ ಗಳಿಗೆಯಲ್ಲಿ ಓಟಗಾರ್ತಿ ಎಲ್ಲಿರುವಳೆಂದು ಎಣಿಸಿ, ಮಸೂರವನ್ನು ಆ ಜಾಗಕ್ಕೆ ಮುಂಚಿತವಾಗಿಯೇ ಕಳುಹಿಸುತ್ತದೆ. ಆದುದರಿಂದ 'ಹಿಂಬಾಲಿಸುವ ಫೋಕಸ್' ಎಂಬ ಹೆಸರೇ ಅಷ್ಟು ಒಪ್ಪುವುದಿಲ್ಲ. ಅದು ಹಿಂಬಾಲಿಸಿದರೆ ಕೆಟ್ಟಿತು; ಮುಂದೆ ಹೋಗಿ ಕಾದರೆ ಗೆದ್ದಿತು. ಹಕ್ಕಿಯ ಕೊಂಬೆಗೆ ಮಸೂರವನ್ನು ಹೊಂದಿಸಿ ಕಾದವರ ಜಾಣತನವೇ ಇಲ್ಲಿ ಸೆಕೆಂಡಿಗೆ ಹಲವು ಸಲ ನಡೆಯುವ ಲೆಕ್ಕವಾಗಿದೆ.

ಆಮೇಲಿನ ದಶಕಗಳಲ್ಲಿ ಕನ್ನಡಿಯೇ ಮಾಯವಾಗತೊಡಗಿತು. 2013ರಲ್ಲಿ ಕ್ಯಾನನ್ ಸಂಸ್ಥೆಯ 70-ಡಿ ಕ್ಯಾಮೆರಾದಲ್ಲಿ ಚಿತ್ರವನ್ನು ಗ್ರಹಿಸುವ ಸಂವೇದಕದ ಒಂದೊಂದು ಕಣವನ್ನೂ ಎರಡಾಗಿ ಸೀಳಿ, ಎಡಬಲದ ಬಿಂಬಗಳನ್ನು ಅಲ್ಲಿಯೇ ಹೋಲಿಸುವ ಏರ್ಪಾಡು ಬಂದಿತು. 2017ರ ಸೋನಿ ಎ-9 ಕ್ಯಾಮೆರಾವು ಸೆಕೆಂಡಿಗೆ 60 ಸಲ ಫೋಕಸಿನ ಲೆಕ್ಕ ಹಾಕುತ್ತ, ನಡುವೆ ಕುರುಡಾಗದೆ, 20 ಚಿತ್ರಗಳನ್ನು ತೆಗೆಯಬಲ್ಲುದಾಯಿತು. ನಮ್ಮ ಬಾಲಕಿಯು ಒಂದು ಲೆಕ್ಕಕ್ಕೂ ಮತ್ತೊಂದಕ್ಕೂ ನಡುವೆ ಕ್ರಮಿಸುವುದು ಆಗ 10 ಸೆಂಟಿಮೀಟರು ಮಾತ್ರ.

ನಮ್ಮ ಮಕ್ಕಳ ಓಟವನ್ನು ಬಿಟ್ಟು, ಸಕಲೇಶಪುರದಿಂದ ಶಿರಾಡಿ ಘಟ್ಟವನ್ನಿಳಿದು ಕರಾವಳಿಗೆ ಹೋದರೆ ಈ ವಿದ್ಯೆಗೆ ಇನ್ನೂ ಕಠಿಣವಾದ ಪರೀಕ್ಷೆ ಕಾದಿದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರಿನ ಗದ್ದೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರೆಂಬ ಸುದ್ದಿ ದೇಶದ ಗಮನ ಸೆಳೆಯಿತು. ಎಂದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರು. ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ಅರ್ಧ ಮೀಟರಿಗೂ ಮಿಗಿಲು. ವೇಗಕ್ಕಿಂತಲೂ ತೊಡಕಾದುದು ನೀರು. ಕೆಸರುನೀರು ಪರದೆಯಂತೆ ಎದ್ದು ಓಟಗಾರನನ್ನು ಮರೆಮಾಡುತ್ತದೆ. ಕನೆಹಲಗೆಯ ಸ್ಪರ್ಧೆಯಲ್ಲಂತೂ ನೀರು ಎಷ್ಟು ಎತ್ತರ ಚಿಮ್ಮಿತೆಂಬುದೇ ಗೆಲುವಿನ ಅಳತೆ! ಫೋಕಸಿನ ಕಣ್ಣಿಗೆ ಹೊಳೆಯುವ ಹನಿಗಳು ಸುಲಭದ ತುತ್ತು. ಅದು ಮನುಷ್ಯನನ್ನು ಬಿಟ್ಟು ಹನಿಗಳನ್ನು ಹಿಡಿಯುತ್ತದೆ.

ಇದಕ್ಕಾಗಿಯೇ ಉತ್ತಮ ಕ್ಯಾಮೆರಾಗಳಲ್ಲಿ ಯಂತ್ರದ ತಾಳ್ಮೆಯನ್ನು ಹೆಚ್ಚುಕಡಿಮೆ ಮಾಡುವ ಏರ್ಪಾಡಿದೆ. ಗುರಿಗೂ ಮಸೂರಕ್ಕೂ ನಡುವೆ ಅಡ್ಡ ಬಂದುದನ್ನು ಎಷ್ಟು ಹೊತ್ತು ಲೆಕ್ಕಿಸದೆ ಇರಬೇಕು, ಎಷ್ಟು ಹೊತ್ತಿನ ಮೇಲೆ ಅದನ್ನೇ ಹೊಸ ಗುರಿಯೆಂದು ಒಪ್ಪಬೇಕು ಎಂಬುದನ್ನು ನಾವು ಗೊತ್ತುಮಾಡಬಹುದು. ಕಂಬಳಕ್ಕೆ ತಾಳ್ಮೆ ಹೆಚ್ಚು ಬೇಕು. ಕಬಡ್ಡಿಯ ಮಾತೇ ಬೇರೆ. ದಾಳಿಗೆ ಹೋದವನಿಗೆ ಇರುವುದು 30 ಸೆಕೆಂಡು, ಎದುರಿಗೆ ಏಳು ಮಂದಿ. ಅವನು ಮುನ್ನುಗ್ಗುವಂತೆ ತೋರಿಸಿ ಹಿಂದಕ್ಕೆ ಜಿಗಿಯುತ್ತಾನೆ. ಎದುರಾಳಿಯನ್ನು ಮೋಸಗೊಳಿಸುವ ಆ ಒಂದು ಹುಸಿಹೆಜ್ಜೆಯಿಂದ ಊಹೆಯ ಯಂತ್ರವೂ ಮೋಸಹೋಗುತ್ತದೆ. ಏಕೆಂದರೆ ಇದುವರೆಗಿನ ಚಲನೆಯೇ ಮುಂದುವರಿಯುವುದೆಂಬ ನಂಬಿಕೆಯೇ ಅದರ ಬಂಡವಾಳ. ಆದುದರಿಂದ ಕಬಡ್ಡಿಯಲ್ಲಿ ವೇಗದ ಥಟ್ಟನೆಯ ಬದಲಾವಣೆಗೆ ಯಂತ್ರವು ಬೇಗ ಓಗೊಡುವಂತೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಇಲ್ಲಿಯವರೆಗಿನದು 'ಎಲ್ಲಿ' ಎಂಬ ಪ್ರಶ್ನೆಯಾಯಿತು. 'ಯಾರು' ಎಂಬುದು ಇದಕ್ಕಿಂತ ಕಷ್ಟದ್ದು. ದ್ರೋಣಾಚಾರ್ಯರು ಮರದ ಮೇಲಿನ ಹಕ್ಕಿಯನ್ನು ತೋರಿಸಿ ಏನು ಕಾಣುತ್ತದೆಂದು ಕೇಳಿದ ಕಥೆಯನ್ನು ಎಲ್ಲರೂ ಬಲ್ಲರು. ಮರ, ಕೊಂಬೆ, ಅಣ್ಣತಮ್ಮಂದಿರು ಎಲ್ಲವೂ ಕಂಡವರು ಸೋತರು. ಹಕ್ಕಿಯ ಕಣ್ಣೊಂದೇ ಕಂಡ ಅರ್ಜುನನು ಗೆದ್ದನು. ಇಂದಿನ ಕ್ಯಾಮೆರಾವನ್ನು ಇದೇ ಪರೀಕ್ಷೆಗೆ ಸಿದ್ಧಗೊಳಿಸಿದ್ದಾರೆ. ಅಸಂಖ್ಯ ಚಿತ್ರಗಳನ್ನು ತೋರಿಸಿ, ಇದು ಮುಖ, ಇದು ಕಣ್ಣು, ಇದು ಹಕ್ಕಿ, ಇದು ವಾಹನ ಎಂದು ಪಾಠ ಹೇಳಿದ್ದಾರೆ. ಆದುದರಿಂದ ಅದು ಓಡಿಬರುವವರ ಕಣ್ಣನ್ನೇ ಹುಡುಕಿ ಅಲ್ಲಿಗೆ ಫೋಕಸ್ ಕೂರಿಸಬಲ್ಲುದು; ಮುಖ ತಿರುಗಿದರೆ ತಲೆಯನ್ನೂ, ತಲೆ ಮರೆಯಾದರೆ ದೇಹವನ್ನೂ ಹಿಡಿದು ನಿಲ್ಲಬಲ್ಲುದು. 2024ರಲ್ಲಿ ಹೊರಬಂದ ಕ್ಯಾನನ್ ಆರ್-1 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಟವನ್ನೇ ಅರಿಯಲು ಹೊರಟಿತು. ಗುಂಪಿನಲ್ಲಿ ಈಗ ಚೆಂಡನ್ನು ಹೊಡೆಯುತ್ತಿರುವವರು ಯಾರೆಂದು ತಾನೇ ಕಂಡುಕೊಂಡು ಅವರ ಕಡೆಗೆ ತಿರುಗುವುದನ್ನು ಅದಕ್ಕೆ ಕಲಿಸಿದ್ದರು. ಬಂದಾಗ ಅದು ಕಲಿತಿದ್ದ ಆಟಗಳು ಮೂರು: ಕಾಲ್ಚೆಂಡು, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್. ನಮ್ಮೂರ ಬಯಲಿನ ವಾಲಿಬಾಲ್ ಆ ಪಾಠಶಾಲೆಯಲ್ಲಿ ಸೇರಿದೆಯೆಂಬುದು ಸಂತೋಷವೇ. ಕಬಡ್ಡಿ ಸೇರಿರಲಿಲ್ಲ. ದ್ರೋಣರ ಶಾಲೆಯ ಹೊರಗುಳಿದ ಇನ್ನೊಬ್ಬ ಬಿಲ್ಲುಗಾರನ ನೆನಪಾಗದೆ ಇರದು. ಯಂತ್ರವು ತನಗೆ ತೋರಿಸಿದುದನ್ನು ಬಲ್ಲುದು. ತೋರಿಸುವವರು ಯಾವ ಊರಿನವರು, ಯಾವ ಆಟವನ್ನು ನೋಡಿ ಬೆಳೆದವರು ಎಂಬುದರ ಗುರುತು ಅದರ ಅರಿವಿನಲ್ಲಿ ಉಳಿದುಬಿಡುತ್ತದೆ.

ಹಾನುಬಾಳಿನ ಮಂಜು ಈ ಪಾಂಡಿತ್ಯವನ್ನೆಲ್ಲ ಒಮ್ಮೊಮ್ಮೆ ಬದಿಗೊತ್ತುತ್ತದೆ. ಎರಡು ಬಿಂಬಗಳನ್ನು ಹೋಲಿಸಬೇಕಾದರೆ ಅವುಗಳಲ್ಲಿ ಹಿಡಿದುಕೊಳ್ಳಲು ಗೆರೆಯೋ ಅಂಚೋ ಇರಬೇಕು. ಮಂಜಿನಲ್ಲಿ ಕಪ್ಪು ಬೂದಿಯಾಗುತ್ತದೆ, ಬಿಳುಪೂ ಬೂದಿಯಾಗುತ್ತದೆ, ಅಂಚುಗಳು ಕರಗಿಹೋಗುತ್ತವೆ. ಮಸೂರವು ದಿಕ್ಕುತಪ್ಪಿದವನಂತೆ ಹಿಂದೆಮುಂದೆ ತಡಕಾಡುತ್ತದೆ. ಇಂತಹ ಬೆಳಗಿನಲ್ಲಿ ಮಕ್ಕಳ ಎದೆಯ ಮೇಲೆ ಬಟ್ಟೆಗೆ ಚುಚ್ಚಿದ ಸಂಖ್ಯೆಯೇ ನನಗೆ ನೆರವು. ಬಿಳಿಯ ಕಾಗದದ ಮೇಲಿನ ದಪ್ಪ ಕಪ್ಪು ಅಂಕಿಗಿಂತ ಒಳ್ಳೆಯ ಹಿಡಿಕೆ ಫೋಕಸಿಗೆ ದೊರೆಯಲಾರದು. ಕಣ್ಣನ್ನು ಹುಡುಕುವ ಏರ್ಪಾಡನ್ನು ಬಿಟ್ಟು, ಒಂದು ಪುಟ್ಟ ಚೌಕವನ್ನು ಆ ಅಂಕಿಯ ಮೇಲಿಟ್ಟು ಓಟದುದ್ದಕ್ಕೂ ಕೈ ತಿರುಗಿಸುತ್ತ ಹೋಗುತ್ತೇನೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಿರಿದಾದ ಷಟರ್ ವೇಗವಿದ್ದರೆ ಕಾಲುಗಳ ಚಲನೆಯೂ ನಿಲ್ಲುತ್ತದೆ. ಬೆಳಕು ಕಡಮೆಯಾದಾಗ ಚಿತ್ರದಲ್ಲಿ ತುಸು ಒರಟು ಕಣಗಳೇಳುವುದನ್ನು ಸಹಿಸಿಕೊಳ್ಳಬೇಕು.

ಓಟ ಮುಗಿದೊಡನೆ ಮಕ್ಕಳು ಕ್ಯಾಮೆರಾದ ಬೆನ್ನಿನ ಪರದೆಗೆ ಮುತ್ತುತ್ತಾರೆ. ಗೆದ್ದವರಿಗೆ ಸಂಶಯವಿರುವುದಿಲ್ಲ. ಹಿಂದೆ ನಿಂತವಳೊಬ್ಬಳು ಹಿಮ್ಮಡಿಯೆತ್ತಿ ಇಣುಕುತ್ತ ಮೆಲ್ಲನೆ ಕೇಳುತ್ತಾಳೆ: "ಸಾರ್, ನಾನೂ ಬಿದ್ದಿದೀನಾ?" ಅವಳು ಕೊನೆಯಲ್ಲಿ ಬಂದವಳು. ತೋಟದ ಲೈನು ಮನೆಗಳಿಂದ ಬರುವ ಮಕ್ಕಳಲ್ಲಿ ಕೆಲವರಿಗೆ, ತಾವು ಓಡಿದ ಚಿತ್ರವೆಂಬುದು ಇದೊಂದೇ ಆಗಿರಬಹುದು. ಈ ಪ್ರಶ್ನೆಗೆ ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ಬರುವ ಉತ್ತರವನ್ನು ನಾನು ಬಲ್ಲೆ. ಅನೇಕ ಮುಖಗಳು ಒಟ್ಟಿಗೆ ಬಂದಾಗ, ಹತ್ತಿರವಿರುವ, ದೊಡ್ಡದಾಗಿ ಕಾಣುವ ಮುಖದ ಕಡೆಗೆ ಒಲಿಯುವುದು ಅದರ ಒಗ್ಗಿದ ನಡೆ. ಓಟದಲ್ಲಿ ಹತ್ತಿರವಿರುವ ಮುಖವೆಂದರೆ ಮುಂದಿರುವ ಮುಖ. ಸ್ಪಷ್ಟತೆಯ ಪದರದ ದಪ್ಪವೋ 40 ಸೆಂಟಿಮೀಟರು. ಮೂರು ಮೀಟರು ಹಿಂದೆ ಓಡಿಬರುತ್ತಿರುವವಳು ಆ ಚಿತ್ರದಲ್ಲಿ ಬಣ್ಣದ ಒಂದು ಮಸುಕು ಮಾತ್ರ. ಯಂತ್ರಕ್ಕೆ ಯಾರ ಮೇಲೂ ದ್ವೇಷವಿಲ್ಲ. ಹಿಂದೆ ಉಳಿದವಳನ್ನು ನೋಡೆಂದು ಅದಕ್ಕೆ ಯಾರೂ ಹೇಳಲಿಲ್ಲ, ಅಷ್ಟೆ.

ಹೇಳುವುದು ಕಷ್ಟವಲ್ಲ. ನಾನು ಪ್ರತಿಯೊಂದು ಓಟಕ್ಕೂ ಮೊದಲೇ ಒಂದು ಸಾಲನ್ನು ಆರಿಸಿಕೊಳ್ಳುತ್ತೇನೆ: ಈ ಓಟಕ್ಕೆ ಒಂದನೆಯದು, ಮುಂದಿನದಕ್ಕೆ ನಾಲ್ಕನೆಯದು, ಹೀಗೆ. ಚೌಕವನ್ನು ಆ ಸಾಲಿನವಳ ಮೇಲಿಟ್ಟು, ಅಡ್ಡ ಬಂದವರನ್ನು ಲೆಕ್ಕಿಸದಂತೆ ತಾಳ್ಮೆಯನ್ನು ಹೆಚ್ಚಿಸಿದರೆ, ಆಕೆ ಗೆದ್ದರೂ ಸೋತರೂ ಯಂತ್ರವು ಆಕೆಯ ಜೊತೆಗಿರುತ್ತದೆ. ಅಚ್ಚರಿಯೆಂದರೆ, ಈ ಆಯ್ಕೆಯ ಅಗತ್ಯವನ್ನು ಯಂತ್ರ ಮಾಡುವವರೂ ಅರಿತಿದ್ದಾರೆ. 1992ರಲ್ಲಿ ಕ್ಯಾನನ್ ಸಂಸ್ಥೆಯ ಇಒಎಸ್-5 ಎಂಬ ಫಿಲ್ಮ್ ಕ್ಯಾಮೆರಾದಲ್ಲಿ, ಛಾಯಾಗ್ರಾಹಕನ ಕಣ್ಣು ಎತ್ತ ನೋಡುತ್ತಿದೆಯೆಂಬುದನ್ನೇ ಗಮನಿಸಿ ಅಲ್ಲಿಗೆ ಫೋಕಸ್ ಮಾಡುವ ಉಪಾಯವನ್ನು ಅಳವಡಿಸಿದ್ದರು. ಕೆಲಕಾಲ ಮರೆಯಾಗಿದ್ದ ಆ ಉಪಾಯವು 2021ರ ಆರ್-3 ಕ್ಯಾಮೆರಾದಲ್ಲಿ ಮರಳಿ ಬಂದಿತು. ಹೊರಗಿನ ಜಗತ್ತನ್ನು ನೋಡಲು ಇಷ್ಟು ಕಲಿತ ಯಂತ್ರವು, ಯಾರನ್ನು ನೋಡಬೇಕೆಂಬುದಕ್ಕೆ ಹಿಂತಿರುಗಿ ಮನುಷ್ಯನ ಮುಖವನ್ನೇ ನೋಡುತ್ತದೆ.

ಈಗ ದೊಡ್ಡ ಕ್ಯಾಮೆರಾ ಇಲ್ಲದ ಶಾಲೆಯಲ್ಲಿಯೂ ಮೇಷ್ಟರ ಜೇಬಿನಲ್ಲಿ ಫೋನು ಇರುತ್ತದೆ, ಅದರೊಳಗೆ ಇದೇ ವಿದ್ಯೆಯ ಕಿರಿಯ ರೂಪವೊಂದು ಇರುತ್ತದೆ. ಪರದೆಯ ಮೇಲೆ ಬೆರಳು ಮುಟ್ಟಿಸಿದ ಜಾಗವನ್ನೇ ಅದು ಗುರಿಯೆಂದು ತಿಳಿಯುತ್ತದೆ. ಮಳೆಗಾಲದ ಕ್ರೀಡಾಕೂಟಗಳು ಮತ್ತೆ ಬರುತ್ತವೆ. ಸೀಟಿ ಊದುವ ಮುಂಚೆ ಉಪಾಧ್ಯಾಯರು ಸಾಲಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ, ಈ ಸಲ ಬೆರಳನ್ನು ಯಾರ ಮೇಲಿಡಬೇಕೆಂಬುದನ್ನು ನಿಶ್ಚಯಿಸಿಕೊಂಡರೆ, ಶಾಲೆಯ ಗೋಡೆಯ ಮೇಲೆ ತೂಗುವ ಚಿತ್ರಗಳಲ್ಲಿ ಗೆದ್ದವರ ಪಕ್ಕದಲ್ಲಿ ಓಡಿದವರೂ ಕಂಡಾರು.